ಪಕ್ಕದ ಸೊಸೈಟಿ ಬಾಗಿಲು ಹಾಕ್ತು, ಕ್ಯೂ ನಿಂತಿದ್ದು ಬ್ಯಾಂಕ್ ಮುಂದೆ: ಹಾಸನ ಜಿಲ್ಲೆಯ ಒಂದು ಪ್ರಕರಣ

ಊರಿನ ಹೆಸರು, ಬ್ಯಾಂಕಿನ ಹೆಸರು, ಜನರ ಹೆಸರು ಯಾವ್ದೂ ಇಲ್ಲಿ ಬರೆಯಲ್ಲ. ಬೇಲೂರು ಆಲೂರು ಕಡೆಯ ಒಂದು ಹೋಬಳಿ ಊರು ಅಂದ್ಕೊಳ್ಳಿ, ಸಾಕು. ಗುರುತು ಸಿಗಬಾರ್ದು ಅಂತ ಸಣ್ಣಪುಟ್ಟ ವಿವರ ಬದಲಾಯ್ಸಿದೀನಿ, ಆದ್ರೆ ಯಾರು ಯಾವಾಗ ಏನ್ ತೀರ್ಮಾನ ತಗೊಂಡ್ರು, ಅದ್ರಿಂದ ಏನಾಯ್ತು ಅನ್ನೋದು ಇದ್ದಂಗೇ ಇದೆ. ನಾನು ಆಗ ಹಾಸನದಲ್ಲಿ ಆರ್ಥಿಕ ಸಾಕ್ಷರತೆ ಕ್ಯಾಂಪ್ ಮಾಡೋ ಕೆಲಸದಲ್ಲಿದ್ದೆ, ಹಂಗಾಗಿ ಎರಡನೇ ದಿನದಿಂದ ಅಲ್ಲೇ ಇದ್ದೆ. ಮೊದಲ ದಿನದ್ದು ಅಲ್ಲಿದ್ದೋರ ಬಾಯಿಂದ ಕೇಳಿದ್ದು.

ಊರು, ಬ್ಯಾಂಕು, ಸೊಸೈಟಿ

ಆ ಊರಲ್ಲಿ ದುಡ್ಡು ಬರೋದು ಶುಂಠಿ, ಆಲೂಗಡ್ಡೆ, ಮೇಲ್ಗಡೆ ಊರುಗಳ ಕಾಫಿ ಮೆಣಸು, ಆಮೇಲೆ ಡೈರಿಯ ಹಾಲಿನ ಬಟವಾಡೆ, ಇಷ್ಟರಿಂದ. 2023ರ ಆಗಸ್ಟಲ್ಲಿ ಗೃಹಲಕ್ಷ್ಮಿ 2000 ರೂಪಾಯಿ ಶುರುವಾದ್ಮೇಲೆ ಅಲ್ಲೀತನಕ ಬ್ಯಾಂಕ್ ಮೆಟ್ಲು ಹತ್ತದೇ ಇದ್ದ ಹೆಂಗಸ್ರೆಲ್ಲ ಪಾಸ್‌ಬುಕ್ ಹಿಡ್ಕೊಂಡು ಬರೋಕೆ ಶುರು ಮಾಡಿದ್ರು. ಇರೋದು ಒಂದೇ ಬ್ಯಾಂಕ್ ಶಾಖೆ, 2019, 2020ರಲ್ಲಿ ಸಾಲಾಗಿ ವಿಲೀನ ಆದ್ವಲ್ಲ, ಅಂಥದ್ರಲ್ಲಿ ಒಂದು. ಬೋರ್ಡ್ ಬದಲಾಯ್ತು, ಐಎಫ್‌ಎಸ್‌ಸಿ ಕೋಡ್ ಬದಲಾಯ್ತು, ಪಾಸ್‌ಬುಕ್ ಬಣ್ಣ ಬದಲಾಯ್ತು, ಯಾಕೆ ಅಂತ ಯಾರೂ ಕೂತು ಹೇಳ್ಲಿಲ್ಲ. ಹಳೇ ಬ್ಯಾಂಕ್ ಮುಳುಗಿತ್ತು, ಅದಕ್ಕೇ ಇನ್ನೊಂದ್ರ ಜೊತೆ ಸೇರ್ಸಿದ್ರು ಅಂತ ಟೀ ಅಂಗಡೀಲಿ ಹುಟ್ಟಿದ ಮಾತು ಹಂಗೇ ಉಳ್ಕೊಂಡಿತ್ತು.

ಅದೇ ರಸ್ತೇಲಿ ನಾಲ್ಕು ಅಂಗಡಿ ಆಚೆ ಒಂದು ಸೌಹಾರ್ದ ಸೊಸೈಟಿ, ಅಂದ್ರೆ ಸದಸ್ಯರೇ ಸೇರಿ ನಡೆಸೋ ಸಹಕಾರ ಸಂಘ. ಊರಲ್ಲಿ ಅದನ್ನೂ ಬ್ಯಾಂಕ್ ಅಂತಾನೇ ಕರೀತಿದ್ರು. ಬ್ಯಾಂಕಿಗಿಂತ ಮೂರ್ನಾಲ್ಕು ಪರ್ಸೆಂಟ್ ಜಾಸ್ತಿ ಬಡ್ಡಿ, ಸಂಜೆ ಆದ್ರೆ ಪಿಗ್ಮಿ ಹುಡುಗ ಅಂಗಡಿ ಬಾಗಿಲಿಗೇ ಬಂದು ನೂರೋ ಇನ್ನೂರೋ ಈಸ್ಕೊಂಡು ರಸೀದಿ ಕೊಟ್ಟು ಹೋಗೋನು, ಮನೆ ಮಕ್ಕಳ ಹೆಸರೆಲ್ಲ ಅವನಿಗೆ ಗೊತ್ತು. (ತಮಾಷೆ ಏನಂದ್ರೆ ಪಿಗ್ಮಿ ಅನ್ನೋದನ್ನ 1928ರಲ್ಲಿ ಶುರು ಮಾಡಿದ್ದು ಉಡುಪಿಯ ಸಿಂಡಿಕೇಟ್ ಬ್ಯಾಂಕು, ದಿನಕ್ಕೆ ಎರಡಾಣೆ ಲೆಕ್ಕದಲ್ಲಿ. ಮನೆ ಬಾಗಿಲಿಗೆ ಹೋಗೋದನ್ನ ಬ್ಯಾಂಕುಗಳು ಬಿಟ್ವು, ಸೊಸೈಟಿಗಳು ಹಿಡ್ಕೊಂಡ್ವು.) ಕಾನೂನಲ್ಲಿ ಇವೆರಡಕ್ಕೂ ಬಹಳ ವ್ಯತ್ಯಾಸ ಇದೆ. ಬ್ಯಾಂಕಲ್ಲಿಟ್ಟ ಠೇವಣಿಗೆ ಡಿಐಸಿಜಿಸಿ (ರಿಸರ್ವ್ ಬ್ಯಾಂಕಿನ ಠೇವಣಿ ವಿಮಾ ಸಂಸ್ಥೆ) ವಿಮೆ ಇರತ್ತೆ, ಸೌಹಾರ್ದ ಸೊಸೈಟಿ ಠೇವಣಿಗೆ ಇರಲ್ಲ. ಸೊಸೈಟಿಗಳು ತಮ್ಮ ಹೆಸರಲ್ಲಿ ಬ್ಯಾಂಕ್ ಅಂತ ಹಾಕ್ಕೊಳ್ಳಂಗಿಲ್ಲ, ಅಂಥ ಕಡೆ ಇಟ್ಟ ದುಡ್ಡಿಗೆ ವಿಮೆ ಇಲ್ಲ ಅಂತ ರಿಸರ್ವ್ ಬ್ಯಾಂಕು 2021ರ ನವೆಂಬರಲ್ಲೇ ಎಚ್ಚರಿಕೆ ಕೊಟ್ಟಿತ್ತು. ಆ ಎಚ್ಚರಿಕೆ ಈ ಊರಿನ ತನಕ ಬಂದಿರ್ಲಿಲ್ಲ.

ಇನ್ನೊಂದು ಹಳೇ ಗಾಯ ಇತ್ತು, ಇದು ಮುಖ್ಯ. ಪ್ರತಿ ವರ್ಷ ಮೇ ಕೊನೇಲಿ ಖಾತೆಯಿಂದ 436 ರೂಪಾಯಿ ಕಟ್ ಆಗೋದು, ಇನ್ನೊಂದು 20 ರೂಪಾಯಿ ಕಟ್ ಆಗೋದು. ಒಂದು ಜೀವನ ಜ್ಯೋತಿ ಅನ್ನೋ ಜೀವ ವಿಮೆದು, ಇನ್ನೊಂದು ಸುರಕ್ಷಾ ಅಪಘಾತ ವಿಮೆದು, ಒಂದೊಂದಕ್ಕೂ 2 ಲಕ್ಷದ ಕವರ್. ಆದ್ರೆ ಸಾಲಕ್ಕೋ ಖಾತೆ ತೆರೆಯಕ್ಕೋ ಹೋದಾಗ ಹತ್ತು ಕಾಗದದ ನಡುವೆ ಇದಕ್ಕೂ ಸಹಿ ಹಾಕ್ಸಿರ್ತಾರೆ, ಮನೆಗೆ ಬಂದ್ಮೇಲೆ ನೆನಪೆಲ್ಲಿರತ್ತೆ. "ಕೇಳ್ದೆ ಕೇಳ್ದೆ ದುಡ್ಡು ಕುಯ್ತಾರೆ ಕಣಮ್ಮ" ಅನ್ನೋದು ಆ ಊರಲ್ಲಿ ನಾನು ಎಷ್ಟು ಕ್ಯಾಂಪಲ್ಲಿ ಕೇಳಿದೀನೋ. ಶಾಖೆಯೋರು ಇದನ್ನ ದೂರು ಅಂತಾನೇ ಲೆಕ್ಕಕ್ಕೆ ತಗೊಂಡಿರ್ಲಿಲ್ಲ, ಯಾಕಂದ್ರೆ ಯಾರೂ ಬರ್ದು ಕೊಟ್ಟಿರ್ಲಿಲ್ಲ.

ಮೊದಲ ದಿನ

ಒಂದು ಸೋಮವಾರ ಬೆಳಿಗ್ಗೆ ಸೊಸೈಟಿ ಶಟರ್ ಮೇಲೆ ಒಂದು ಹಾಳೆ, ವ್ಯವಹಾರ ತಾತ್ಕಾಲಿಕವಾಗಿ ನಿಲ್ಲಿಸಿದೆ ಅಂತ. ಕಾರ್ಯದರ್ಶಿ ಫೋನ್ ಸ್ವಿಚ್ ಆಫ್. ಹತ್ತು ಗಂಟೆ ಅಷ್ಟೊತ್ತಿಗೆ ಒಬ್ಬ ಹುಡುಗನ ವಾಯ್ಸ್ ಮೆಸೇಜ್ ವಾಟ್ಸಾಪಲ್ಲಿ ಓಡಾಡ್ತಿತ್ತು: ಸೊಸೈಟಿ ದುಡ್ಡೆಲ್ಲ ಬ್ಯಾಂಕಲ್ಲೇ ಇತ್ತು, ಈಗ ಬ್ಯಾಂಕಲ್ಲೂ ಇಲ್ವಂತೆ, ಇವತ್ತೇ ತಗೊಂಡ್ಬಿಡಿ. ಇದ್ರಲ್ಲಿ ಅರ್ಧ ನಿಜ ಇತ್ತು. ಸೊಸೈಟಿಯ ಕರೆಂಟ್ ಅಕೌಂಟ್ ಇದ್ದಿದ್ದು ಆ ಶಾಖೇಲೇ. ಅರ್ಧ ನಿಜ ಇರೋ ಸುದ್ದಿ ಪೂರ್ತಿ ಸುಳ್ಳಿಗಿಂತ ಜೋರಾಗಿ ಓಡತ್ತೆ, ಯಾಕಂದ್ರೆ ಸೊಸೈಟಿ ಅಕೌಂಟ್ ಅಲ್ಲಿರೋದು ಗೊತ್ತಿರೋ ನಾಲ್ಕು ಜನ "ಹೂಂ, ಹೌದು" ಅಂದೇ ಅಂತಾರೆ.

ಹನ್ನೊಂದಕ್ಕೆ ಬ್ಯಾಂಕಲ್ಲಿ ಕಾಲಿಡೋಕೆ ಜಾಗ ಇಲ್ಲ. ಹೋಬಳಿ ಶಾಖೇಲಿ ಇಟ್ಕೊಳ್ಳೋ ನಗದಿಗೆ ಒಂದು ಮಿತಿ ಇರತ್ತೆ, ಎಲ್ಲಾ ಠೇವಣಿ ದುಡ್ಡು ಪೆಟ್ಟಿಗೇಲೇ ಇರಲ್ಲ, ಯಾವ ಬ್ಯಾಂಕಲ್ಲೂ ಇರಲ್ಲ, ಅದು ಸಾಲವಾಗಿ ಹೊರಗೆ ಹೋಗಿರತ್ತೆ, ಬ್ಯಾಂಕ್ ನಡೆಯೋದೇ ಹಂಗೆ. ಅದ್ರ ಮೇಲೆ ಅವತ್ತೇ ನೆಟ್‌ವರ್ಕ್ ಕೈ ಕೊಡ್ತು. ಕೌಂಟರಲ್ಲಿದ್ದ ಹುಡುಗ ದಿನಾ ಹೇಳೋ ಹಂಗೇ "ಸರ್ವರ್ ಇಲ್ಲ, ನಾಳೆ ಬನ್ನಿ" ಅಂದ. ಬೇರೆ ದಿನ ಆಗಿದ್ರೆ ಗೊಣಗಿಕೊಂಡು ಹೋಗ್ತಿದ್ರು. ಅವತ್ತು ಹೊರಗೆ ನಿಂತಿದ್ದೋರಿಗೆ ಅದು ದುಡ್ಡಿಲ್ಲ ಅಂತ ಕೇಳಿಸ್ತು. ಹಿಂದಿಂದ ತಳ್ಳಾಟ ಶುರುವಾಯ್ತು, ಮ್ಯಾನೇಜರ್ ಹೆದರ್ಕೊಂಡು ಶಟರ್ ಅರ್ಧ ಎಳಿಸಿದ್ರು.

ಆ ಅರ್ಧ ಶಟರಿನ ಫೋಟೋ ಐದು ನಿಮಿಷದಲ್ಲಿ ಸುತ್ತ ಹಳ್ಳಿಗೆಲ್ಲ ಹೋಯ್ತು. ಮಧ್ಯಾಹ್ನ ಗೂಡ್ಸ್ ಆಟೋ ಮಾಡ್ಕೊಂಡು ಜನ ಬಂದ್ರು. ಮ್ಯಾನೇಜರ್ ಹೊರ ರಾಜ್ಯದೋರು, ಬಂದು ಒಂದು ವರ್ಷ ಆಗಿತ್ತು, ಕನ್ನಡ ಅರ್ಥ ಆಗೋದು, ಮಾತು ಕಷ್ಟ. ಜನ ಕೂಗಾಡೋದು ಅವರಿಗೆ ಜಗಳ ಥರ ಕಾಣ್ತು, ಆದ್ರೆ ಜನ ಕೇಳ್ತಿದ್ದಿದ್ದು ಒಂದೇ ಪ್ರಶ್ನೆ, ನಮ್ ದುಡ್ಡು ಐತಾ ಇಲ್ವಾ. ಅದಕ್ಕೆ ಅವತ್ತು ಸಂಜೆ ತನಕ ಯಾರೂ ಉತ್ತರ ಕೊಡ್ಲಿಲ್ಲ.

ಆ ರಾತ್ರಿ

ಹಾಸನದಿಂದ ಒಬ್ಬ ಹಿರಿಯ ಅಧಿಕಾರಿ ಬಂದ್ರು. ಮ್ಯಾನೇಜರ್, ಚನ್ನರಾಯಪಟ್ಟಣ ಕಡೆಯ ಅಕೌಂಟೆಂಟ್ ಮೇಡಂ, ಮತ್ತೆ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಅಲ್ಲೇ ಇರೋ ಅಟೆಂಡರ್ ಕೂತ್ರು. ಅಟೆಂಡರನ್ನ ಮೀಟಿಂಗಿಗೆ ಕೂರಿಸ್ಕೊಂಡಿದ್ದು ಯಾರ ಐಡಿಯಾನೋ, ಅದು ಒಳ್ಳೇದಾಯ್ತು.

ಮೊದಲ ಪ್ರಶ್ನೆ, ನಾಳೆ ಎಷ್ಟು ಕೊಡೋದು. ಒಬ್ಬೊಬ್ಬರಿಗೆ 10,000 ಅಂತ ಮಿತಿ ಹಾಕಿದ್ರೆ ಎಲ್ಲರಿಗೂ ಸ್ವಲ್ಪ ಸ್ವಲ್ಪ ಸಿಗತ್ತೆ ಅಂತ ಬಂದಿದ್ದ ಅಧಿಕಾರಿ ಅಂದ್ರು. ಲೆಕ್ಕಕ್ಕೆ ಸರಿ ಇತ್ತು. ಅಕೌಂಟೆಂಟ್ ಮೇಡಂ ಒಪ್ಲಿಲ್ಲ. 2019ರಲ್ಲಿ ಮುಂಬೈಯ ಪಿಎಂಸಿ ಬ್ಯಾಂಕಿಗೆ ರಿಸರ್ವ್ ಬ್ಯಾಂಕು ಮೊದ್ಲು 1,000 ರೂಪಾಯಿ ಮಿತಿ ಹಾಕಿದ್ದು, 2020ರ ಜನವರೀಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿಗೆ 35,000 ಮಿತಿ ಹಾಕಿದ್ದು, ಎಲ್ಲಾ ಜನ ಟೀವೀಲಿ ನೋಡಿದಾರೆ ಸಾರ್, ಮಿತಿ ಅಂದ ತಕ್ಷಣ ಅದೇ ನಮ್ಮೂರಿಗೂ ಬಂತು ಅಂತಾರೆ, ಎಲ್ಲೂ ತೊಂದ್ರೆ ಇಲ್ದೇ ಇರೋ ಶಾಖೆಗೆ ನಾವೇ ಕೈಯಾರೆ ತೊಂದ್ರೆ ತಂದಂಗೆ ಅಂದ್ರು. ಕೊನೆಗೆ ಮಿತಿ ಬೇಡ, ಯಾರು ಎಷ್ಟು ಕೇಳಿದ್ರೂ ಕೊಡೋದು ಅಂತಾಯ್ತು. ಬೆಳಿಗ್ಗೆ ಮೊದ್ಲೇ ಹಾಸನದ ಕರೆನ್ಸಿ ಚೆಸ್ಟಿಂದ (ಶಾಖೆಗಳಿಗೆ ನಗದು ಕೊಡೋ ಖಜಾನೆ) ಗನ್‌ಮ್ಯಾನ್ ಜೊತೆ ನಗದು ತರ್ಸೋದು, ಶಟರ್ ಪೂರ್ತಿ ತೆಗೆದಿರೋದು, ನೆಟ್‌ವರ್ಕ್ ಹೋದ್ರೆ ಬರೀ ಸರ್ವರ್ ಇಲ್ಲ ಅನ್ನದೇ ಎಷ್ಟೊತ್ತಿಗೆ ಬರಬಹುದು ಅಂತ ಬೋರ್ಡಲ್ಲಿ ಬರೆಯೋದು.

ಎರಡನೇದು, ಏನ್ ಹೇಳೋದು. ಇಲ್ಲೇ ನಿಜವಾದ ವಾದ ಆಗಿದ್ದು. "ನಿಮ್ಮ ಪೂರ್ತಿ ದುಡ್ಡಿಗೆ ಸರ್ಕಾರದ ಗ್ಯಾರಂಟಿ" ಅಂತ ಮೈಕಲ್ಲಿ ಹೇಳಿಸ್ಬಿಡೋಣ, ಜನ ತಣ್ಣಗಾಗ್ತಾರೆ ಅಂತ ಒಂದು ಮಾತು ಬಂತು. ಮ್ಯಾನೇಜರ್ ಬೇಡ ಅಂದ್ರು. ಹೇಳಂಗಿದ್ರೆ ಇರೋದನ್ನೇ ಹೇಳೋಣ: ಒಂದು ಬ್ಯಾಂಕಲ್ಲಿ ಒಬ್ಬರಿಗೆ ಅಸಲು ಬಡ್ಡಿ ಸೇರಿ 5 ಲಕ್ಷದ ತನಕ ವಿಮೆ, ಆ ಬ್ಯಾಂಕಿನ ಎಲ್ಲಾ ಶಾಖೆ ಸೇರ್ಸಿ ಲೆಕ್ಕ, 2020ರ ಫೆಬ್ರವರಿ 4ರಿಂದ ಇದು ಜಾರೀಲಿದೆ, ಮುಂಚೆ 1 ಲಕ್ಷ ಇತ್ತು, ಪ್ರೀಮಿಯಂ ಕಟ್ಟೋದು ಬ್ಯಾಂಕು, ಗ್ರಾಹಕ ಅಲ್ಲ. ಬ್ಯಾಂಕಿನ ಮೇಲೆ ನಿರ್ಬಂಧ ಬಂದ್ರೆ 90 ದಿನದೊಳಗೆ ಈ ವಿಮೆ ದುಡ್ಡು ಕೊಡಬೇಕು ಅಂತ 2021ರಲ್ಲಿ ಕಾನೂನು ತಿದ್ದುಪಡಿ ಆಗಿದೆ. ಬಂದಿದ್ದ ಅಧಿಕಾರಿಗೆ ಭಯ, 5 ಲಕ್ಷಕ್ಕಿಂತ ಜಾಸ್ತಿ ಇಟ್ಟಿರೋರು ಇದನ್ನ ಕೇಳಿ ಓಡಿ ಹೋಗ್ತಾರಲ್ಲ ಅಂತ. ಓಡ್ಲಿ ಬಿಡಿ ಅಂದ್ರಂತೆ ಮ್ಯಾನೇಜರ್. ಕನ್ನಡ ಸರಿಯಾಗಿ ಮಾತಾಡೋಕೆ ಬರದೇ ಇದ್ದ ಮನುಷ್ಯನೇ ಊರಿನ ಮನಸ್ಸನ್ನ ಎಲ್ಲರಿಗಿಂತ ಚೆನ್ನಾಗಿ ಓದಿದ್ದು ಅನ್ಸತ್ತೆ ನಂಗೆ.

ಮೂರನೇದು, ಯಾರು ಹೇಳೋದು. ಊರಿನ ಒಬ್ಬ ದೊಡ್ಡ ಮನುಷ್ಯರ ಕೈಲಿ ಹೇಳ್ಸೋದು ಅಂತ ತೀರ್ಮಾನ ಆಯ್ತು. ಅಟೆಂಡರ್ ಆಗ್ಲೇ "ಅವ್ರು ಬೇಡ ಸಾರ್" ಅಂದಿದ್ರಂತೆ, ಯಾಕೆ ಅಂತ ಯಾರೂ ಕೇಳ್ಲಿಲ್ಲ.

ಎರಡನೇ ದಿನ

ನಾನು ಹೋಗೋಷ್ಟೊತ್ತಿಗೆ ಆ ದೊಡ್ಡ ಮನುಷ್ಯರು ಮೈಕ್ ಹಿಡ್ದಿದ್ರು. ಬ್ಯಾಂಕ್ ಗಟ್ಟಿಯಾಗಿದೆ, ನಾನು ಹೇಳ್ತಿದೀನಿ, ಮನೆಗೆ ಹೋಗಿ ಅಂತ. ಹಿಂದಿಂದ ಒಬ್ರು ಕೂಗಿದ್ರು, "ಗೌಡ್ರೆ, ಸೊಸೈಟಿ ಓಪನಿಂಗಲ್ಲೂ ನೀವೇ ಅಲ್ವಾ ಹೇಳಿದ್ದು!" ಅಷ್ಟೇ. ನಗು ಬಂತು, ಆಮೇಲೆ ಸಿಟ್ಟು ಬಂತು, ಕ್ಯೂ ಇನ್ನೂ ಉದ್ದ ಆಯ್ತು. ಅಟೆಂಡರ್ ಹೇಳೋಕೆ ಹೊರಟಿದ್ದು ಇದೇ. ಸೊಸೈಟಿಗೆ ಜಾಮೀನು ನಿಂತ ಮುಖನೇ ಬ್ಯಾಂಕಿಗೂ ಜಾಮೀನು ನಿಂತ್ರೆ ಜನ ಎರಡನ್ನೂ ಒಂದೇ ಕಟ್ಟಿಗೆ ಸೇರಿಸ್ತಾರೆ. ಪ್ರಾದೇಶಿಕ ಕಚೇರಿಯಿಂದ ಬಂದ ಪಿಡಿಎಫ್ ಪ್ರಕಟಣೆದೂ ಇದೇ ಕಥೆ, ಇಂಗ್ಲಿಷ್ ಒಂದು, ಹಿಂದಿ ಒಂದು, ಅದನ್ನ ಗೋಡೆಗೆ ಅಂಟ್ಸಿದ್ರು, ಯಾರೂ ನೋಡ್ಲಿಲ್ಲ. ಗ್ರಾಹಕರಿಗೆ ಕೊಡೋ ಮಾಹಿತಿ ಪ್ರಾದೇಶಿಕ ಭಾಷೇಲೂ ಇರಬೇಕು ಅಂತ ರಿಸರ್ವ್ ಬ್ಯಾಂಕಿನ ಸೂಚನೆ ಯಾವತ್ತಿಂದಲೋ ಇದೆ, ಬೇಕಾದ ದಿನ ಮಾತ್ರ ಅದು ಯಾರಿಗೂ ನೆನಪಾಗಲ್ಲ.

ಆಗ ಅಕೌಂಟೆಂಟ್ ಮೇಡಂ ಬಿಸಿ ಸಖಿನ ಕರೆಸಿದ್ರು. ಸ್ವಸಹಾಯ ಸಂಘದ ಹೆಣ್ಣುಮಗಳು, ಬ್ಯಾಂಕಿನ ಪರವಾಗಿ ಸುತ್ತಿನ ಹಳ್ಳಿಗಳಿಗೆ ಮಿಷಿನ್ ತಗೊಂಡು ಹೋಗಿ ಹೆಬ್ಬೆಟ್ಟು ಒತ್ತಿಸ್ಕೊಂಡು ದುಡ್ಡು ಕೊಡೋಳು. ಆಕೆಗೆ ಮೈಕ್ ಕೊಡ್ಲಿಲ್ಲ. ಕ್ಯೂ ಉದ್ದಕ್ಕೂ ನಡ್ಕೊಂಡು ಹೋಗಿ ಐದಾರು ಜನರ ಗುಂಪು ಗುಂಪಾಗಿ ಹೇಳೋಕೆ ಬಿಟ್ರು, ನಾನೂ ಜೊತೆಗಿದ್ದೆ. ಸೊಸೈಟಿ ಬೇರೆ, ಬ್ಯಾಂಕ್ ಬೇರೆ, 5 ಲಕ್ಷದ ತನಕ ವಿಮೆ ಇದೆ, ಅದ್ರ ಮೇಲಿಂದಕ್ಕೆ ವಿಮೆ ಇಲ್ಲ, ಇವತ್ತು ಯಾರು ಎಷ್ಟು ಕೇಳಿದ್ರೂ ಕೊಡ್ತಾರೆ, ಎಫ್‌ಡಿ ಈಗ ಒಡೆದ್ರೆ ಬಡ್ಡಿ ಕಮ್ಮಿ ಆಗತ್ತೆ, ಯೋಚ್ನೆ ಮಾಡಿ. ಒಬ್ಬ ಅಜ್ಜಿ ಕೇಳಿದ್ರು, "ಅದೆಲ್ಲ ಇರ್ಲಿ, ನಿನ್ ದುಡ್ಡು ಎಲ್ಲಿಟ್ಟಿದೀಯವ್ವ?" ಆಕೆ ತನ್ನ ಪಾಸ್‌ಬುಕ್ ತೆಗೆದು ಕೊಟ್ಳು. ಅದು ಕೈಯಿಂದ ಕೈಗೆ ಹೋಗಿ ಸುಮಾರು ಹೊತ್ತಾದ್ಮೇಲೆ ವಾಪಸ್ ಬಂತು.

ಅದ್ರಿಂದ ಕ್ಯೂ ಕರಗ್ತಾ ಅಂದ್ರೆ ಇಲ್ಲ, ಆದ್ರೆ ಕೂಗಾಟ ನಿಂತು ಪ್ರಶ್ನೆ ಶುರುವಾಯ್ತು. ಕ್ಯೂ ಕರಗೋಕೆ ಶುರುವಾಗಿದ್ದು ಒಬ್ಬ ಶುಂಠಿ ವ್ಯಾಪಾರಿಯಿಂದ. ಅವ್ರದ್ದು ಸುಮಾರು 18 ಲಕ್ಷ ಆ ಶಾಖೇಲಿತ್ತು, ಊರಿಗೆಲ್ಲ ಗೊತ್ತಿರೋ ವಿಷಯ. 5 ಲಕ್ಷದ ಮಾತು ಕೇಳಿದ್ದೇ ಒಳಗೆ ಬಂದು, ಹಾಸನದಲ್ಲಿರೋ ನನ್ನ ಇನ್ನೊಂದು ಬ್ಯಾಂಕ್ ಖಾತೆಗೆ 14 ಲಕ್ಷ ಕಳಿಸ್ಬಿಡಿ ಅಂದ್ರು. ಹಿರಿಯ ಅಧಿಕಾರಿ ಮುಖ ಬಾಡ್ತು. ಟೀ ತರಿಸಿ ಕೂರಿಸಿ ಮನಸ್ಸು ಬದಲಾಯ್ಸೋ ಪ್ರಯತ್ನಕ್ಕೆ ಹೊರಟಿದ್ರು. ಮ್ಯಾನೇಜರ್ ಮಾತಾಡ್ಲಿಲ್ಲ, ಚೆಕ್ ಈಸ್ಕೊಂಡು, ಬೇರೆ ಬ್ಯಾಂಕಿಗೆ ದೊಡ್ಡ ಮೊತ್ತ ಕಳಿಸೋ ಆರ್‌ಟಿಜಿಎಸ್ ಫಾರಂ ಮುಂದಿಟ್ರು. ಸ್ವಲ್ಪ ಹೊತ್ತಿಗೆ ವ್ಯಾಪಾರಿ ಫೋನಿಗೆ ದುಡ್ಡು ಬಿದ್ದ ಮೆಸೇಜ್ ಬಂತು, ಅವ್ರು ಹೊರಗೆ ಹೋಗಿ ಬೈಕ್ ಮೇಲೆ ಕೂತು ನಾಲ್ಕು ಜನಕ್ಕೆ ಅದನ್ನ ತೋರ್ಸಿದ್ರು. "ಕೇಳಿದ್ ತಕ್ಷಣ ಕಳ್ಸುದ್ರಪ್ಪ, ಒಂದ್ ಮಾತು ಆಡ್ಲಿಲ್ಲ."

14 ಲಕ್ಷ ಹೊರಗೆ ಹೋಗಿದ್ದು ನೋಡಿ 40,000 ಇಟ್ಟಿದ್ದೋರು ಮನೆಗೆ ಹೋದ್ರು. ಕಾಗದದ ಮೇಲೆ ಇದು ತಲೆಕೆಳಗು ಅನ್ಸತ್ತೆ, ಅಲ್ಲಿ ನಿಂತಿದ್ರೆ ಅನ್ಸಲ್ಲ. ಅಷ್ಟು ದೊಡ್ಡ ದುಡ್ಡು ಕೇಳಿದ ಕೂಡ್ಲೇ ಬಂತು ಅಂದ್ಮೇಲೆ ನಮ್ಮದು ಯಾವ ಲೆಕ್ಕ, ನಾಳೆ ಬಂದ್ರೂ ಸಿಗತ್ತೆ. ಅವ್ರಿಗೆ ಬೇಕಾಗಿದ್ದಿದ್ದು ಆ ನಾಳೆ ಮಾತ್ರ. ಕ್ಯಾಷಿಯರ್ ಹಿಂದೆ ನೋಟಿನ ಕಟ್ಟು ಎಲ್ರಿಗೂ ಕಾಣೋ ಹಂಗೆ ಜೋಡ್ಸಿಟ್ಟಿದ್ರು, ಅದ್ರಿಂದಲೇ ಜನ ನಂಬಿದ್ದು ಅಂತ ಶಾಖೇಲಿ ಕೆಲವ್ರು ಈಗಲೂ ವಾದ ಮಾಡ್ತಾರೆ. ನಂಗೆ ಹಂಗನ್ಸಲ್ಲ, ಆ ಕಟ್ಟು ಬೆಳಿಗ್ಗೆಯಿಂದಲೂ ಅಲ್ಲೇ ಇತ್ತು, ಕ್ಯೂನೂ ಇತ್ತು.

ಮೂರನೇ ದಿನ ಮಧ್ಯಾಹ್ನಕ್ಕೆ ಶಾಖೆ ಮಾಮೂಲಿ ಸ್ಥಿತಿಗೆ ಬಂತು. ವಾಯ್ಸ್ ಮೆಸೇಜ್ ಕಳಿಸಿದ ಹುಡುಗನ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡೋ ಮಾತು ಬಂದಿತ್ತು, ಕೊಡ್ಲಿಲ್ಲ. ಅವನ ತಂಗಿ ಮದುವೆಗೆ ಅಂತ ಕೂಡಿಟ್ಟ ದುಡ್ಡು ಸೊಸೈಟೀಲಿ ಸಿಕ್ಕಾಕ್ಕೊಂಡಿತ್ತು. ಕಂಪ್ಲೇಂಟ್ ಕೊಟ್ಟಿದ್ರೆ ಬ್ಯಾಂಕ್ ಏನೋ ಮುಚ್ಚಾಕ್ತಿದೆ ಅಂತ ಎರಡನೇ ಸುತ್ತು ಶುರುವಾಗ್ತಿತ್ತು. ಅಟೆಂಡರ್ ಅವನನ್ನ ಒಳಗೆ ಕರ್ಕೊಂಡ್ಬಂದ್ರು, ಅಕೌಂಟೆಂಟ್ ಮೇಡಂ ಸೊಸೈಟಿ ಠೇವಣಿ ಬಗ್ಗೆ ಸಹಕಾರ ಇಲಾಖೆಗೆ ಅರ್ಜಿ ಹೆಂಗೆ ಬರೆಯೋದು ಅಂತ ಹೇಳ್ಕೊಟ್ರು. ಅವನೇ ಸಂಜೆ ಇನ್ನೊಂದು ಮೆಸೇಜ್ ಹಾಕ್ದ. ಅದು ಮೊದಲಿನದ್ರಷ್ಟು ಓಡ್ಲಿಲ್ಲ ಬಿಡಿ.

ಕ್ಯೂ ಹೋದ್ಮೇಲೆ

ಇಲ್ಲಿಗೇ ಮುಗೀತು ಅಂತ ಎಲ್ರೂ ಅಂದ್ಕೊಂಡ್ರು. ಆದ್ರೆ ಕ್ಯೂ ಜೊತೆ ನಡೀವಾಗ ಬಂದ ಪ್ರಶ್ನೆಗಳನ್ನ ನಾವು ಬರ್ಕೊಂಡಿದ್ವಿ, ಅದ್ರಲ್ಲಿ ಬಹಳಷ್ಟು ಸೊಸೈಟಿ ಬಗ್ಗೆನೇ ಅಲ್ಲ, 436 ಯಾಕೆ ಹೋಯ್ತು, ಎಸ್‌ಎಂಎಸ್‌ಗೆ ಯಾಕೆ ದುಡ್ಡು, ಪಾಸ್‌ಬುಕ್ ಪ್ರಿಂಟರ್ ಯಾವಾಗ ಸರಿ ಹೋಗತ್ತೆ. ವರ್ಷಗಟ್ಲೆ ಸಣ್ಣ ಸಣ್ಣ ಮೊತ್ತ ವಿವರಣೆ ಇಲ್ದೇ ಹೋಗಿದ್ದನ್ನ ನೋಡಿದ ಮನುಷ್ಯನಿಗೆ, ಪೂರ್ತಿ ದುಡ್ಡು ಹೋಯ್ತಂತೆ ಅಂದ್ರೆ ನಂಬೋದೇನು ಕಷ್ಟ? ಸೊಸೈಟಿ ಮುಚ್ಚಿದ್ದು ನೆಪ. ಅದೇ ಸೋಮವಾರ ಪಕ್ಕದ ಹೋಬಳಿಯ ಶಾಖೆಗೂ ಅದೇ ವಾಯ್ಸ್ ಮೆಸೇಜ್ ಹೋಗಿತ್ತು, ಅಲ್ಲೂ ಆ ಸೊಸೈಟಿ ಗಿರಾಕಿಗಳಿದ್ರು, ಕ್ಯೂ ಆಗ್ಲಿಲ್ಲ. ಅಲ್ಲಿಯ ಮ್ಯಾನೇಜರ್ ಹಾಲಿನ ಡೈರಿ ಮೀಟಿಂಗಿಗೆಲ್ಲ ಹೋಗಿ ಕೂರೋ ಮನುಷ್ಯ, ಅದೊಂದೇ ಕಾರಣನಾ ಗೊತ್ತಿಲ್ಲ, ಆದ್ರೆ ಅವತ್ತು ಜನ ಬ್ಯಾಂಕಿಗೆ ಬರೋ ಬದಲು ಅವರಿಗೆ ಫೋನ್ ಮಾಡಿ ಕೇಳಿದ್ರು.

ಹಾಗಾಗಿ ಸಂತೆ ದಿನ ಪಾಸ್‌ಬುಕ್ ಕೌಂಟರ್ ಅಂತ ಶುರು ಮಾಡಿದ್ವಿ. ಬಿಸಿ ಸಖಿ ಮತ್ತೆ ಒಬ್ಬ ಕ್ಲರ್ಕ್ ಬರೀ ಎಂಟ್ರಿ ಹಾಕಿ ಒಂದೊಂದು ಸಾಲು ಓದಿ ಹೇಳೋದು, ಬೇರೆ ಏನೂ ಮಾರೋಹಂಗಿಲ್ಲ. ಇನ್ಶೂರೆನ್ಸ್ ಟಾರ್ಗೆಟ್ ಇದ್ರೂ ಆ ಕೌಂಟರಲ್ಲಿ ಕೇಳಂಗಿಲ್ಲ, ಇದು ಮ್ಯಾನೇಜರ್ ಹಠ. ವಿಮೆ ಬೇಡ ಅಂದೋರಿಗೆ ಅಲ್ಲೇ ನಿಲ್ಲಿಸೋ ಫಾರಂ ತುಂಬ್ಸಿದ್ರು. ಒಪ್ಪಿಗೆ ಕಾಗದ ಸಿಗದೇ ಇದ್ದ ಖಾತೆಗಳಿಗೆ ಆ ವರ್ಷದ ಪ್ರೀಮಿಯಂ ವಾಪಸ್ ಹಾಕ್ಸೋಕೆ ಪ್ರಾದೇಶಿಕ ಕಚೇರಿ ಒಪ್ಪಿಗೆ ಬೇಕಿತ್ತು, ಅದು ಬರೋಷ್ಟೊತ್ತಿಗೆ ಸಾಕುಸಾಕಾಯ್ತು. ಬ್ಯಾಂಕಿಗೆ ಬರೆದು ಕೊಟ್ಟು 30 ದಿನದಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಬ್ಯಾಂಕಿನ ಮೇಲಿನ ದೂರು ವಿಚಾರಿಸೋ ಅಧಿಕಾರಿ) ಖರ್ಚಿಲ್ಲದೇ ದೂರು ಕೊಡಬಹುದು, 14448ಕ್ಕೆ ಫೋನ್ ಮಾಡಿ ಕೇಳಬಹುದು ಅಂತಾನೂ ಅದೇ ಕೌಂಟರಲ್ಲಿ ಬೋರ್ಡ್ ಹಾಕಿದ್ವಿ. ತಮ್ಮ ಮೇಲೆ ದೂರು ಕೊಡೋ ದಾರಿ ತಾವೇ ತೋರ್ಸೋದು ಶಾಖೆಯ ಕೆಲವರಿಗೆ ಇಷ್ಟ ಆಗ್ಲಿಲ್ಲ.

ಒಂದು ವಿಷಯ ಯಾರೂ ಅಂದ್ಕೊಂಡಿರ್ಲಿಲ್ಲ. ಸಾಲು ಸಾಲು ಓದ್ತಾ ಹೋದಾಗ, ಗಂಡ ತೀರಿಕೊಂಡಿದ್ದ ಒಬ್ರು ಅವನ ಪಾಸ್‌ಬುಕ್ ತಂದಿದ್ರು, ಖಾತೆ ಮುಚ್ಚೋಕೆ ಅಂತ. ಅದ್ರಲ್ಲಿ 436 ಇತ್ತು. ಆಕೆಗೆ ವಿಮೆ ಇರೋದೇ ಗೊತ್ತಿರ್ಲಿಲ್ಲ. ಕ್ಲೇಮ್ ಹಾಕ್ಸಿದ್ರು, 2 ಲಕ್ಷ ಬಂತು. ಅದಾದ್ಮೇಲೆ ವಿಮೆ ನಿಲ್ಲಿಸಿದ್ದ ಒಂದಷ್ಟು ಜನ ವಾಪಸ್ ಬಂದು ಸೇರ್ಕೊಂಡ್ರು, ಈ ಸಲ ಕೇಳಿ ತಿಳ್ಕೊಂಡು. ಟಾರ್ಗೆಟ್ ಇಟ್ಟು ಹಾಕ್ಸಿದಾಗ ಬೈಸ್ಕೊಂಡ ಅದೇ ವಿಮೆ.

ಎಲ್ಲಾ ಸರಿ ಹೋಯ್ತು ಅಂತಲ್ಲ. ತೆಗೆದ ದುಡ್ಡಲ್ಲಿ ಒಂದಷ್ಟು ಬಂಗಾರ ಆಯ್ತು, ಒಂದಷ್ಟು ಪೋಸ್ಟ್ ಆಫೀಸಿಗೆ ಹೋಯ್ತು, ಸೊಸೈಟೀಲಿ ಸಿಕ್ಕಾಕ್ಕೊಂಡಿದ್ದು ಇನ್ನೂ ಪೂರ್ತಿ ಬಂದಿಲ್ಲ. ಮ್ಯಾನೇಜರಿಗೆ ಟ್ರಾನ್ಸ್‌ಫರ್ ಆಯ್ತು, ಹೊಸಬರು ಬಂದು ಸಂತೆ ಕೌಂಟರ್ ಒಂದೆರಡು ವಾರ ನಿಲ್ಲಿಸಿದ್ರು, ಬಿಸಿ ಸಖಿ ಹೋಗಿ ಜಗಳ ಆಡಿ ಮತ್ತೆ ಶುರು ಮಾಡ್ಸಿದ್ಳು.

ಶುಂಠಿ ವ್ಯಾಪಾರಿ ವಾಪಸ್ ಬಂದಿದಾರೆ. ಈಗ ಹೊಸ ಮ್ಯಾನೇಜರ್ ಎಫ್‌ಡಿ ಜಾಸ್ತಿ ಇಡಿ ಗೌಡ್ರೆ ಅಂತ ಕೇಳ್ದಾಗೆಲ್ಲ, ಬಡ್ಡಿ ಸೇರಿ 5 ಲಕ್ಷ ದಾಟದ ಹಂಗೆ ಲೆಕ್ಕ ಹಾಕ್ಕೊಡಿ ಅಂತಾರಂತೆ. ಉಳಿದಿದ್ದು? ಹೆಂಡ್ತಿ ಹೆಸ್ರಲ್ಲಿ ಬೇರೆ ಇದೆ, ಹಾಸನದ ಬ್ಯಾಂಕಲ್ಲಿ ಬೇರೆ ಇದೆ. ಯಾಕೆ ಸಾರ್ ನಮ್ ಮೇಲೆ ನಂಬಿಕೆ ಇಲ್ವಾ ಅಂದ್ರೆ, "ನಂಬಿಕೆ ಐತೆ, ಅದಕ್ಕೇ ನಿಮ್ ಬ್ಯಾಂಕೋರು ಹೇಳಿದಂಗೇ ಮಾಡ್ತಾ ಇದೀನಿ" ಅಂತಾರೆ.